ನೇತ್ರಾಣಿಯ ಹವಳದಿಂದ ಕೈ ತೆಗೆಯಿರಿ

ಮಳೆಗಾಲ ಕಳೆದು ಕಡಲು ತಿಳಿಯಾಗುತ್ತಿದ್ದಂತೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಬೋಟುಗಳು ಹೊರಡತೊಡಗುತ್ತವೆ. ದಡದಿಂದ ಸುಮಾರು 19 ಕಿ.ಮೀ. ದೂರ. ರಾತ್ರಿ ಬಸ್ಸಿಗೆ ಬೆಂಗಳೂರು ಬಿಟ್ಟವರು ಮರುದಿನ ನೀರಿನಡಿ ಇದ್ದು, ಸಂಜೆಯ ಬಸ್ಸಿಗೆ ವಾಪಸಾಗಬಹುದು. ಈಜು ಬಾರದಿದ್ದರೂ ಚಿಂತೆಯಿಲ್ಲ, ಕೈಹಿಡಿದು ಇಳಿಸುವ ತರಬೇತುದಾರರಿದ್ದಾರೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಇದೇ ನೀರಿಗೆ ಇಳಿದದ್ದನ್ನು ಕಂಡು, ತಾನೂ ಒಮ್ಮೆ ಇಳಿಯಬೇಕೆಂದು ಆಸೆಪಟ್ಟವರು ಎಷ್ಟೋ ಮಂದಿ. ಹೋಗಿ, ಖಂಡಿತ ಹೋಗಿ. ನಮ್ಮದೇ ಕಡಲಿನೊಳಗೆ ಏನಿದೆಯೆಂದು ಕನ್ನಡಿಗರು ನೋಡಲೇಬೇಕು. ಆದರೆ ನೋಡುವುದೆಂದರೆ ಮುಟ್ಟುವುದಲ್ಲ.

ಕೆಳಗೆ ನಡೆಯುವುದೇನು? ಮೊದಲ ಸಲ ಇಳಿದವರಿಗೆ ತೇಲುವ ಹದ ಸಿಕ್ಕಿರುವುದಿಲ್ಲ. ಸೊಂಟಕ್ಕೆ ಕಟ್ಟಿದ ತೂಕ ಕೆಳಕ್ಕೆ ಎಳೆಯುತ್ತದೆ, ಗಾಬರಿಯಲ್ಲಿ ಕೈ ಆಸರೆ ಹುಡುಕುತ್ತದೆ. ಸಿಗುವುದು ಹವಳ. ಕಾಲು ಬಡಿದರೆ ಫಿನ್ನಿನ ತುದಿ ಮರಳೆಬ್ಬಿಸುತ್ತದೆ, ಆ ಮರಳು ಹವಳದ ಮೇಲೇ ಕೂರುತ್ತದೆ. ಗಾಬರಿ ಇಳಿದ ಮೇಲೆ ಫೋಟೊದ ಸರದಿ. ಅಲುಗದೆ ನಿಲ್ಲಲು ಒಂದು ಕೈ ಹವಳದ ಮೇಲೆ, ಇನ್ನೊಂದು ಕ್ಯಾಮೆರಾದತ್ತ. ಎಲ್ಲ ಸೇರಿ ಅರ್ಧ ಗಂಟೆಯ ಕತೆ.

ಕೈಯಡಿ ಕಲ್ಲಿನಂತೆ ಸಿಕ್ಕಿದ್ದು ಕಲ್ಲಲ್ಲ. ಆ ಗಟ್ಟಿ ಗೂಡಿನ ಮೇಲೆ ತೆಳ್ಳನೆಯ ಜೀವಂತ ಚರ್ಮವಿದೆ. ಅದರ ತುಂಬ ಬಾಯಿ, ಬಾಯಿಯ ಸುತ್ತ ಎಳೆಬೆರಳುಗಳಿರುವ ಪುಟಾಣಿ ಪ್ರಾಣಿಗಳಿವೆ. ಅವುಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸಿ, ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳದ ಬಣ್ಣವೂ ಹೆಚ್ಚಾಗಿ ಆ ಪಾಚಿಯದೇ. ಅಂಗೈ ಒತ್ತಿದಲ್ಲಿ ಚರ್ಮ ಸುಲಿಯುತ್ತದೆ, ಸುಲಿದಲ್ಲಿ ರೋಗ ಹತ್ತಬಹುದು. ಗುಂಡಗೆ ಬೆಳೆಯುವ ಹವಳ ವರ್ಷಕ್ಕೆ ಹೆಚ್ಚೆಂದರೆ ಎರಡು ಸೆಂ.ಮೀ. ಬೆಳೆದೀತು. ನೀವು ಆಧಾರಕ್ಕೆ ಹಿಡಿದ ತಲೆಗಾತ್ರದ ಹವಳಕ್ಕೆ ನಿಮಗಿಂತ ಹೆಚ್ಚು ವಯಸ್ಸಾಗಿರಬಹುದು.

‘ಕಡಲೇ ಕಾಯುತ್ತಿರುವಾಗ ನನ್ನ ಒಂದು ಕೈಯಿಂದ ಏನಾದೀತು?’ ಎನ್ನುವವರಿದ್ದಾರೆ. ಕಡಲು ಕಾಯುತ್ತಿರುವುದು ನಿಜ. ನೀರಿನ ಶಾಖ ಬೇಸಿಗೆಯ ಸಾಮಾನ್ಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತದೆ. 1998ರಲ್ಲಿ ಜಗತ್ತಿನಾದ್ಯಂತ ಹೀಗಾಯಿತು. ಅನಂತರ ಮತ್ತೊಮ್ಮೆ, 2016ರ ಸುಮಾರಿಗೆ ಮಗದೊಮ್ಮೆ ಆಯಿತು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೆಯ ಜಾಗತಿಕ ಬಿಳುಚುವಿಕೆಯನ್ನು ದೃಢಪಡಿಸಿದರು. ಆ ವರ್ಷ ನಮ್ಮ ಲಕ್ಷದ್ವೀಪವೂ ಬೆಂದಿತು. ಆದರೆ ಬಿಳುಚಿದ ಹವಳ ಸತ್ತ ಹವಳವಲ್ಲ. ನೀರು ಬೇಗ ತಣಿದು, ಬೇರೆ ಕಾಟವಿಲ್ಲದಿದ್ದರೆ ಪಾಚಿ ಮರಳುತ್ತದೆ, ಹವಳ ಚೇತರಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅದನ್ನು ತುಳಿಯುವುದು, ಅದರ ಮೇಲೆ ಲಂಗರು ಎಸೆಯುವುದು ಗಾಯದ ಮೇಲೆ ಬರೆ ಎಳೆದಂತೆ. ಕಡಲಿನ ಕಾವು ಇಳಿಸುವುದು ನಿಮ್ಮ ಒಬ್ಬರ ಕೈಯಲ್ಲಿಲ್ಲ. ಆದರೆ ಆ ಕೈಯನ್ನು ಎಲ್ಲಿಡಬೇಕೆಂಬುದು ನಿಮ್ಮದೇ ನಿರ್ಧಾರ.

ಕಾನೂನು ಇಲ್ಲವೆಂದಲ್ಲ. ಗಟ್ಟಿ ಹವಳ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿ ಇರುವ ಅದೇ ಅನುಸೂಚಿಯಲ್ಲಿ. ಬಂಡೀಪುರದ ಸಫಾರಿಯಲ್ಲಿ ಜೀಪಿನಿಂದ ಕೆಳಗೆ ಕಾಲಿಟ್ಟರೆ ಗದರಿಸುವವರಿದ್ದಾರೆ. ನೇತ್ರಾಣಿಯ ನೀರಿನಡಿ ಗದರಿಸಿದರೂ ಕೇಳಿಸುವುದಿಲ್ಲ. ಮುರಿದ ತುಂಡೊಂದನ್ನು ನೆನಪಿಗೆಂದು ಜೇಬಿಗಿಳಿಸುವುದು ನಿಮಗೆ ತಮಾಷೆಯಾಗಿ ಕಾಣಬಹುದು. ಕಾಯ್ದೆಯ ಕಣ್ಣಲ್ಲಿ ಅದು ಅಪರಾಧ.

ಪ್ರವಾಸಿಗರ ಕಾಲ್ತುಳಿತ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಥಾಯ್ಲೆಂಡಿನ ಮಾಯಾ ಕೊಲ್ಲಿಯೇ ಸಾಕ್ಷಿ. ಒಂದು ಹಾಲಿವುಡ್ ಚಿತ್ರದಿಂದ ಹೆಸರಾದ ಆ ಪುಟ್ಟ ಕೊಲ್ಲಿಗೆ ದಿನಕ್ಕೆ ಸಾವಿರಾರು ಜನ ನುಗ್ಗಿದರು. ಹವಳ ಹಾಳಾಯಿತು. 2018ರಲ್ಲಿ ಸರ್ಕಾರ ಬಾಗಿಲು ಮುಚ್ಚಿತು, ತೆರೆದದ್ದು 2022ರಲ್ಲಿ. ಈಗ ಬೋಟುಗಳು ಕೊಲ್ಲಿಯೊಳಗೆ ಬರುವಂತಿಲ್ಲ. ನೇತ್ರಾಣಿ ಅಂಥ ಸ್ಥಿತಿ ತಲುಪುವವರೆಗೆ ನಾವು ಕಾಯಬೇಕೆ?

ಡೈವಿಂಗ್ ನಿಲ್ಲಿಸಿ ಎಂಬುದು ನನ್ನ ಬೇಡಿಕೆಯಲ್ಲ. ಬೋಟಿನವರು, ತರಬೇತುದಾರರು, ಊಟ ಹಾಕುವವರು, ರೂಮು ಕೊಡುವವರು, ಎಷ್ಟೋ ಮನೆಗಳ ಒಲೆ ಇದರಿಂದ ಉರಿಯುತ್ತದೆ. ಹವಳ ಹೋದರೆ ಮೊದಲು ಆರುವುದೂ ಅದೇ ಒಲೆ. ಸರ್ಕಾರವೇ, ಬೋಟು ಕಟ್ಟಲು ಗಟ್ಟಿಯಾದ ತೇಲುಬೋಯಗಳನ್ನು ಹಾಕಿಸಿ, ಹವಳದ ಮೇಲೆ ಲಂಗರು ಬೀಳದಂತೆ ನೋಡಿಕೊಳ್ಳಿ. ದಿನಕ್ಕೆ ಎಷ್ಟು ಜನ ಇಳಿಯಬಹುದೆಂದು ಮಿತಿ ಹಾಕಿ, ಅದನ್ನು ಜಾರಿಗೊಳಿಸಿ. ಡೈವಿಂಗ್ ಕಂಪನಿಯವರೇ, ಆಳಕ್ಕೆ ಒಯ್ಯುವ ಮೊದಲು ಹವಳವಿಲ್ಲದ ಜಾಗದಲ್ಲಿ ತೇಲುವುದನ್ನು ಕಲಿಸಿ. ಹವಳ ಹಿಡಿದ ಫೋಟೊಗಳನ್ನು ಜಾಹೀರಾತಿಗೆ ಬಳಸಬೇಡಿ.

ಇನ್ನು ಟಿಕೆಟ್ ತೆಗೆಸುವ ನೀವು. ದುಡ್ಡು ನಿಮ್ಮದು, ಹಾಗಾಗಿ ಬೆಲೆಯಿರುವುದೂ ನಿಮ್ಮ ಮಾತಿಗೇ. ಹಣ ಕೊಡುವ ಮೊದಲೇ ಕೇಳಿ: ಲಂಗರು ಎಲ್ಲಿ ಹಾಕುತ್ತೀರಿ? ಒಬ್ಬ ತರಬೇತುದಾರರಿಗೆ ಎಷ್ಟು ಜನ? ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ. ಸನ್‌ಸ್ಕ್ರೀನ್ ಬಳಿಯುವ ಬದಲು ತುಂಬುತೋಳಿನ ಅಂಗಿ ತೊಡಿ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆಂಜೋನ್ ಹವಳಕ್ಕೆ ಹಾನಿಯೆಂದು ಹವಾಯಿ ರಾಜ್ಯ 2021ರಿಂದ ಅಂಥವುಗಳ ಮಾರಾಟವನ್ನೇ ನಿಷೇಧಿಸಿದೆ. ಮೀನಿಗೆ ಬಿಸ್ಕತ್ತು ಹಾಕಬೇಡಿ. ಪ್ಲಾಸ್ಟಿಕ್ ಬಾಟಲಿ ಬೋಟಿನಲ್ಲೇ ವಾಪಸ್ ಬರಲಿ. ನೀರಿನೊಳಗೆ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಪಕ್ಕದವರು ಹವಳ ಹಿಡಿದರೆ, ಬೋಟಿಗೆ ಹತ್ತಿದ ಮೇಲೆ ಸಂಕೋಚಪಡದೆ ಹೇಳಿ.

ನೇತ್ರಾಣಿ ಚಿಕ್ಕದು. ಕರ್ನಾಟಕಕ್ಕೆ ಇಂಥ ಇನ್ನೊಂದು ನೇತ್ರಾಣಿಯಿಲ್ಲ. ನಿಮ್ಮ ಮಕ್ಕಳೂ ಅಲ್ಲಿ ಇಳಿದು ಬಣ್ಣದ ಹವಳವನ್ನೇ ನೋಡಬೇಕೆಂದಿದ್ದರೆ, ಈ ಸಲ ನಿಮ್ಮ ಕೈ ನಿಮ್ಮ ಹತ್ತಿರವೇ ಇರಲಿ.