ಮರದ ನೆಲಕ್ಕೆ ಸಂದು ಏಕೆ?

ಮಳೆಗಾಲದಲ್ಲಿ ಮರದ ಬಾಗಿಲು ಬಿಗಿಯಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಗಾಳಿಯ ತೇವವನ್ನು ಹೀರಿ ಮರ ಹಿಗ್ಗುವುದೇ ಇದಕ್ಕೆ ಕಾರಣ. ಮನೆ ನವೀಕರಿಸುವಾಗ ಕೋಣೆಗೆ ಮರದ ನೆಲ, ಹಜಾರಕ್ಕೆ ಟೈಲ್ಸ್ ಹಾಕಿಸುವವರು ಇದನ್ನು ಮರೆಯಬಾರದು.

ಮರ ಎಳೆಯ ಉದ್ದಕ್ಕೆ ಅಷ್ಟಾಗಿ ಹಿಗ್ಗದು, ಅಡ್ಡಕ್ಕೆ ಹಿಗ್ಗುತ್ತದೆ. ಸಾಗುವಾನಿಯ ತೇವಾಂಶ ಶೇ. 1ರಷ್ಟು ಏರಿದರೆ ಹಲಗೆಯ ಅಗಲ ಸುಮಾರು ಶೇ. 0.2ರಷ್ಟು ಹೆಚ್ಚುತ್ತದೆ. 3 ಮೀಟರ್ ಅಗಲದ ನೆಲದ ತೇವಾಂಶ ಶೇ. 2ರಷ್ಟು ಏರಿದರೆ ಎಷ್ಟಾಯಿತು? 12 ಮಿ.ಮೀ.! ಅಷ್ಟೇ ಅಗಲದ ಟೈಲ್ಸ್ ನೆಲ 10 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೂ ಹಿಗ್ಗುವುದು ಸುಮಾರು 0.2 ಮಿ.ಮೀ. ಮಾತ್ರ.

ಎರಡನ್ನೂ ಒತ್ತಾಗಿ ಕೂಡಿಸಿದರೆ ಹಲಗೆಗಳು ಉಬ್ಬಿ ಮೇಲೇಳುತ್ತವೆ. ಆದ್ದರಿಂದ ಮರದ ಅಂಚಿನಲ್ಲಿ 10-12 ಮಿ.ಮೀ. ಸಂದು ಬಿಡಬೇಕು. ಅದಕ್ಕೆ ಸಿಮೆಂಟ್ ತುಂಬದೆ, ಹಿತ್ತಾಳೆ ಅಥವಾ ಮರದ ಪಟ್ಟಿಯಿಂದ ಮುಚ್ಚಬೇಕು. ಪಟ್ಟಿಯನ್ನು ಒಂದು ಬದಿಗೆ ಮಾತ್ರ ಬಿಗಿಯಬೇಕು.

ಎತ್ತರದ ಲೆಕ್ಕವೂ ಮುಖ್ಯ. ಹಲಗೆ 18 ಮಿ.ಮೀ., ಟೈಲ್ಸ್ ಅಂಟು ಸೇರಿ 13 ಮಿ.ಮೀ. ಇದ್ದರೆ 5 ಮಿ.ಮೀ. ಏರುಪೇರು. ಅಜ್ಜ ಅಜ್ಜಿಯರು ಎಡವಲು ಅಷ್ಟು ಸಾಕು. ಟೈಲ್ಸ್ ಕೂರಿಸುವ ಮೊದಲೇ ಅಡಿಯ ಗಾರೆಯನ್ನು ಅಷ್ಟು ಎತ್ತರಿಸುವಂತೆ ಮೇಸ್ತ್ರಿಗೆ ಹೇಳಬೇಕು. ಸ್ಕೇಲು ಹಿಡಿದು ಈ ಲೆಕ್ಕ ಹಾಕಿಕೊಡುವ ಕೆಲಸವನ್ನು ಮನೆಯ ಮಕ್ಕಳೇ ಮಾಡಬಹುದು.