ತಾನಾಗಿ ಬಿದ್ದ ಗುಂಡಿಯನ್ನು ಮುಚ್ಚಿ ಸುಮ್ಮನಾಗಬೇಡಿ

ಮಳೆಗಾಲದಲ್ಲಿ ತೋಟದಲ್ಲೋ ಹಿತ್ತಲಲ್ಲೋ ಗುಂಡಿಯೊಂದು ತಾನಾಗಿ ಬಿದ್ದರೆ ಮಲೆನಾಡಿನವರು ಕಲ್ಲುಮಣ್ಣು ಸುರಿದು ಮುಚ್ಚಿಬಿಡುತ್ತಾರೆ. ಮರುವರ್ಷ ಕುಸಿದರೆ ಇನ್ನಷ್ಟು ಮಣ್ಣು. ಘಟ್ಟದ ಇಳಿಜಾರುಗಳಲ್ಲಿ ಈ ರೂಢಿ ಜೀವಕ್ಕೇ ಎರವಾಗಬಹುದು.

2005ರಲ್ಲಿ ಕೇರಳದ ಕಣ್ಣೂರು ಜಿಲ್ಲೆಯ ಚಟ್ಟಿವಯಲ್‌ನಲ್ಲಿ ನೆಲ ಕುಸಿದಿತ್ತು. ನೆಲದಡಿ ನೀರೇ ಕೊರೆದ ಸುರಂಗ ಅದಕ್ಕೆ ಕಾರಣ. ವಿಜ್ಞಾನಿಗಳು ಇದಕ್ಕೆ ‘ಸಾಯಿಲ್ ಪೈಪಿಂಗ್’ ಎನ್ನುತ್ತಾರೆ. ಎಷ್ಟೋ ಕಡೆ ಮೇಲೆ ಗಟ್ಟಿ ಮುರಕಲ್ಲು, ಅದರಡಿ ದಕ್ಷಿಣ ಕನ್ನಡದವರು ಶೇಡಿ ಎನ್ನುವ ಮೆತ್ತನೆಯ ಮಣ್ಣು. ಇಂಗಿದ ನೀರು ಈ ಮಣ್ಣನ್ನು ಚೂರುಚೂರೇ ಹೊತ್ತೊಯ್ದು ಗುಡ್ಡದ ಬುಡದಲ್ಲಿ ಹೊರಬೀಳುತ್ತದೆ. ಸಣ್ಣ ಬಿಲ ವರ್ಷಗಟ್ಟಲೆ ಬೆಳೆದು ಆಳು ನುಸುಳುವಷ್ಟು ದೊಡ್ಡದಾಗುತ್ತದೆ. ಮೇಲಿನ ತೋಟ, ಮನೆ, ರಸ್ತೆ ಇದ್ದ ಹಾಗೇ ಇರುತ್ತವೆ. ಚಾವಣಿ ತಾಳದಾದ ದಿನ ಗುಂಡಿ ಬೀಳುತ್ತದೆ. ಜಡಿಮಳೆಯಲ್ಲಿ ಸುರಂಗದ ಬಾಯಿ ಕಟ್ಟಿಕೊಂಡರಂತೂ ಒಳಗೆ ನೀರಿನ ಒತ್ತಡ ಏರಿ ಗುಡ್ಡವೇ ಜಾರಬಹುದು. 2019ರ ಆಗಸ್ಟ್‌ನಲ್ಲಿ ವಯನಾಡಿನ ಪುತ್ತುಮಲ ಕುಸಿದಾಗ ಮಣ್ಣು ಸಂರಕ್ಷಣಾ ಅಧಿಕಾರಿಗಳ ಪ್ರಾಥಮಿಕ ವರದಿ ಬೊಟ್ಟುಮಾಡಿದ್ದು ಇದನ್ನೇ.

2018ರಲ್ಲಿ ಕೊಡಗು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರಲ್ಲಿ ಶಿರೂರು ಕುಸಿದವು. ಎಲ್ಲಕ್ಕೂ ಇದೇ ಕಾರಣ ಎನ್ನಲಾಗದು. ರಸ್ತೆಗೆಂದು, ಕಟ್ಟಡಕ್ಕೆಂದು ಬರೆ ಕಡಿದದ್ದೂ ಸಣ್ಣ ಅಪರಾಧವಲ್ಲ. ಆದರೆ ಗುಡ್ಡದೊಳಗಿನ ಟೊಳ್ಳನ್ನು ಹುಡುಕುವ ಕೆಲಸ ಕೇರಳದಲ್ಲಿ ನಡೆದಷ್ಟು ನಮ್ಮಲ್ಲಿ ನಡೆದಿಲ್ಲ. ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರ ಅಲ್ಲಿನ ಗುಡ್ಡಗಾಡಿನ ಸಾಯಿಲ್ ಪೈಪಿಂಗ್ ಬಗ್ಗೆ ಪ್ರತ್ಯೇಕ ಅಧ್ಯಯನವನ್ನೇ ಮಾಡಿದೆ. ನಮ್ಮಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳಿವೆ. ಅವು ಬಿದ್ದ ಮಳೆಯನ್ನು ಹೇಳುತ್ತವೆ, ಆ ನೀರು ಒಳಗೆ ಏನು ಮಾಡುತ್ತಿದೆ ಎಂಬುದನ್ನಲ್ಲ.

ಆದ್ದರಿಂದ ಘಟ್ಟದ ಪ್ರತಿ ಪಂಚಾಯಿತಿಯೂ ಮುಂಗಾರಿಗೆ ಮೊದಲೇ ಗುಂಡಿಗಳ ದಾಖಲೆ ಪುಸ್ತಕ ತೆರೆಯಬೇಕು. ಎಲ್ಲಿ, ಯಾವಾಗ, ಎಷ್ಟು ಆಳ ಎಂದು ಬರೆದಿಟ್ಟರೆ ಸಾಕು, ಭೂವಿಜ್ಞಾನಿಗಳಿಗೆ ಹುಡುಕುವ ದಿಕ್ಕು ಸಿಗುತ್ತದೆ. ನೆಲಕ್ಕೆ ವಿದ್ಯುತ್ ಹಾಯಿಸಿ ಟೊಳ್ಳು ಪತ್ತೆಮಾಡುವ ವಿಧಾನವೂ ಇದೆ. ಟೊಳ್ಳಿರುವ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವುದನ್ನು ನಿಲ್ಲಿಸಲೇಬೇಕು. ಬಯಲುಸೀಮೆಗೆ ವರವಾದದ್ದು ಇಲ್ಲಿ ಸುರಂಗಕ್ಕೆ ನೀರೂಡುತ್ತದೆ.

ಬುಡದ ಒರತೆಯಲ್ಲಿ ಇದ್ದಕ್ಕಿದ್ದಂತೆ ಕೆಸರುನೀರು ಬಂದರೆ, ತುಂಬಿದ್ದ ಬಾವಿ ಬರಿದಾದರೆ, ಗೋಡೆ ಬಿರುಕುಬಿಟ್ಟರೆ, ಮರ ವಾಲಿದರೆ ಮಳೆ ನಿಲ್ಲಲೆಂದು ಕಾಯಬೇಡಿ. ಮನೆಮಂದಿಯನ್ನು ಕರೆದುಕೊಂಡು ಆಚೆ ನಡೆಯಿರಿ, ಪಂಚಾಯಿತಿಗೆ ತಿಳಿಸಿ, ಕೆಳಗಿನ ಮನೆಯವರನ್ನೂ ಎಬ್ಬಿಸಿ.