ಮಳೆಗಾಲದ ಮೆಣಸಿನ ಸಸಿಗೆ ಯಾವ ದೀಪ?

ಕಾಸರಗೋಡಿನ ಸೀಮೆಯಲ್ಲಿ ಮಳೆ ಹಿಂದೆಗೆಯುವ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಮೆಣಸಿನ ಸಸಿ ನೆಡಬೇಕೆಂದಿದ್ದರೆ ಆಗಸ್ಟಿನಲ್ಲಿಯೇ ಬೀಜ ಬಿತ್ತಬೇಕು. ಆಟಿ–ಸೋಣದ ಆ ದಿನಗಳಲ್ಲಾದರೋ ಸೂರ್ಯದರ್ಶನವೇ ದುರ್ಲಭ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಈ ನೆಲದಲ್ಲಿ ಎಳೆಯ ಸಸಿಯನ್ನು ಅಂಗಳದಲ್ಲಿಟ್ಟರೆ ಹನಿಯ ಹೊಡೆತಕ್ಕೆ ನೆಲಕಚ್ಚುತ್ತದೆ. ಜಗಲಿಯಲ್ಲಿಟ್ಟರೆ ಬೆಳಕಿಲ್ಲದೆ ಬಿಳಿಚಿ, ನೂಲಿನಂತೆ ನೀಳವಾಗಿ ಬಾಗಿ ಬೀಳುತ್ತದೆ. ಆದುದರಿಂದ ಮನೆಯೊಳಗೆ ವಿದ್ಯುದ್ದೀಪದಡಿಯಲ್ಲಿ ಸಸಿ ಎಬ್ಬಿಸುವ ಕ್ರಮವನ್ನು ಈ ಸಲ ವಿಚಾರಿಸೋಣ. ಮೆಣಸೆಂದರೆ ಇಲ್ಲಿ, ನಮ್ಮ ಮನೆಮಾತಿನ ರೂಢಿಯಂತೆ, ಖಾರದ ಮೆಣಸು, ಬಳ್ಳಿಯ ಒಳ್ಳೆಮೆಣಸಲ್ಲ.

ನಾಲ್ಕು ಸಸಿ ಸತ್ತರೆ ಏನಾಯಿತು ಎಂದು ಯಾರಾದರೂ ಕೇಳಬಹುದು. ಕೇರಳ ಕೃಷಿ ವಿಶ್ವವಿದ್ಯಾಲಯದ ‘ಉಜ್ವಲ’, ‘ಅನುಗ್ರಹ’ದಂತಹ ತಳಿಗಳಾದರೆ ಮತ್ತೆ ಬೀಜ ತರಬಹುದು. ಆದರೆ ತವರಿನಿಂದ ಸೆರಗಿನ ತುದಿಯಲ್ಲಿ ಕಟ್ಟಿ ತಂದ, ಹೆಸರೂ ಇಲ್ಲದ ಮನೆತನದ ಮೆಣಸು ಯಾವ ಅಂಗಡಿಯಲ್ಲಿಯೂ ಸಿಗುವಂಥದಲ್ಲ. ಕರಾವಳಿಯ ತೇವದ ಗಾಳಿಯಲ್ಲಿ ಮೆಣಸಿನ ಬೀಜದ ಮೊಳೆಯುವ ಶಕ್ತಿ ಬೇಗನೆ ಕುಂದುತ್ತದೆ. ಒಂದೆರಡು ಮಳೆಗಾಲ ಸಸಿ ಕೈಗೂಡದಿದ್ದರೆ ಆ ತಳಿಯೇ ಮನೆಯಿಂದ ಅಳಿದುಹೋಯಿತೆಂದು ತಿಳಿಯಬೇಕು.

ಜಗಲಿಯಲ್ಲಿ ಬೆಳಕು ಸಾಕಷ್ಟಿದೆಯೆಂದು ನಮಗೆ ತೋರುವುದು ಕಣ್ಣಿನ ಭ್ರಮೆ. ಕತ್ತಲಾದಷ್ಟೂ ಕಣ್ಣಿನ ಪಾಪೆ ಹಿಗ್ಗಿ ಕೊರತೆಯನ್ನು ಮುಚ್ಚಿಬಿಡುತ್ತದೆ. ಎಲೆಗೆ ಅಂತಹ ಅನುಕೂಲವಿಲ್ಲ. ಬಯಲಿನ ಮಧ್ಯಾಹ್ನದ ಬಿಸಿಲಿನ ಪ್ರಮಾಣ ಸುಮಾರು 1,00,000 ಲಕ್ಸ್. ಮೋಡ ಕವಿದ ದಿನ ಮಾಡಿನ ಕೆಳಗೆ ಅದು ಸಾವಿರಕ್ಕೂ ಕಡಿಮೆಯಾಗುವುದುಂಟು.

ಇನ್ನು ದೀಪದ ಆಯ್ಕೆ. ಹಳೆಯ ತಂತಿಯ ಬಲ್ಬು ಇದಕ್ಕೆ ತಕ್ಕುದಲ್ಲ. ಅದು ನುಂಗುವ ವಿದ್ಯುತ್ತಿನ ಬಹುಭಾಗ ಶಾಖವಾಗಿ ಹೋಗುತ್ತದೆ, ಹತ್ತಿರವಿಟ್ಟರೆ ಎಲೆ ಬಾಡುತ್ತದೆ. ‘ಗಿಡದ ದೀಪ’ವೆಂಬ ಹೆಸರಿನಲ್ಲಿ ಮಾರುವ ನೇರಳೆ ಬಣ್ಣದ ದೀಪಗಳ ಹಿಂದೆ ಒಂದು ನಿಜವಿದೆ: ಎಲೆಯ ಹಸಿರು ಹೆಚ್ಚಾಗಿ ಹೀರುವುದು ಕೆಂಪು ಮತ್ತು ನೀಲಿ ಕಿರಣಗಳನ್ನು. ಆದರೆ ಸಾಧಾರಣ ಬಿಳಿಯ ಎಲ್‌ಇಡಿ ದೀಪದಲ್ಲಿಯೂ ಅವೆರಡೂ ಇವೆ. ನೀಲಿ ಎಲ್‌ಇಡಿಯ ಮೇಲೆ ಹಳದಿ ಬೆಳಕು ಕೊಡುವ ಲೇಪ ಬಳಿದೇ ಬಿಳಿ ಬೆಳಕನ್ನು ಪಡೆಯುವುದು. ಆ ನೀಲಿ ಎಲ್‌ಇಡಿಯನ್ನು ಸಾಧಿಸಿದುದಕ್ಕಾಗಿ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪುರಸ್ಕಾರ ಸಂದಿತು. ಇಷ್ಟಲ್ಲದೆ, ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾದುದು, ನುಸಿ ಹತ್ತಿದುದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅಧಿಕ ಹಣ ತೆತ್ತು ಅದನ್ನು ತರಬೇಕಾದ ಅಗತ್ಯ ನಮಗೆ ಕಾಣದು.

ಪೆಟ್ಟಿಗೆಯ ಮೇಲೆ ಮೂರು ಅಂಕಿಗಳನ್ನು ಓದಿದರೆ ಸಾಕು. ವಾಟ್ ಎಂಬುದು ವೆಚ್ಚ. ಲೂಮೆನ್ ಎಂಬುದು ಬೆಳಕಿನ ಮೊತ್ತ. ಕೆಲ್ವಿನ್ ಎಂಬುದು ಬೆಳಕಿನ ಬಣ್ಣ. 20 ವಾಟಿನ ನಾಲ್ಕಡಿ ಎಲ್‌ಇಡಿ ಟ್ಯೂಬು ಸುಮಾರು 2,000 ಲೂಮೆನ್ ಕೊಡುವಂತಿರಲಿ. ಬಣ್ಣ 5,000ದಿಂದ 6,500 ಕೆಲ್ವಿನ್ ಇರಲಿ. ಇದರಲ್ಲಿ ನೀಲಿಯ ಅಂಶ ಹೆಚ್ಚಿರುವುದರಿಂದ ಸಸಿ ಗಿಡ್ಡವಾಗಿ, ಕಾಂಡ ಗಟ್ಟಿಯಾಗಿ ಬೆಳೆಯುತ್ತದೆ. ಒಂದಡಿ ಅಗಲದ ತಟ್ಟೆಗಳ ಸಾಲಿಗೆ ಇಂತಹ ಎರಡು ಟ್ಯೂಬುಗಳನ್ನು ನಾಲ್ಕೈದು ಅಂಗುಲ ಅಂತರದಲ್ಲಿ ಒತ್ತಾಗಿ ಕಟ್ಟಬೇಕು.

ದೀಪದ ಬೆಲೆಗಿಂತ ಅದು ತೂಗುವ ಎತ್ತರ ಮುಖ್ಯವೆಂಬುದನ್ನು ವಾಚಕರು ಮರೆಯಬಾರದು. ಮಾಡಿನ ಅಡ್ಡೆಗೆ ಕಟ್ಟಿದ ಉತ್ತಮ ದೀಪಕ್ಕಿಂತ ಸಸಿಯ ತಲೆಯಿಂದ ನಾಲ್ಕು ಅಂಗುಲ ಮೇಲಿರುವ ಸಾಧಾರಣ ಟ್ಯೂಬು ಎಷ್ಟೋ ಮೇಲು. ಟ್ಯೂಬಿನಿಂದ ದೂರ ಇಮ್ಮಡಿಯಾದರೆ ಎಲೆಗೆ ಬೀಳುವ ಬೆಳಕು ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ. ಹಗ್ಗಕ್ಕೆ ಜಾರುಗಂಟು ಹಾಕಿ, ಸಸಿ ಬೆಳೆದಂತೆ ದೀಪವನ್ನು ಏರಿಸುತ್ತಿರಬೇಕು. ಟ್ಯೂಬಿನ ಎರಡು ತುದಿಗಳಲ್ಲಿ ಬೆಳಕು ಕ್ಷೀಣವಾಗಿರುವುದರಿಂದ ತಟ್ಟೆಗಳನ್ನು ಎರಡು ದಿನಕ್ಕೊಮ್ಮೆ ಸ್ಥಾನ ಬದಲಿಸಬೇಕು.

ದಿನಕ್ಕೆ 14ರಿಂದ 16 ಗಂಟೆ ದೀಪ ಉರಿದರೆ ಸಾಕು. ರಾತ್ರಿಯ ವಿಶ್ರಾಂತಿ ಸಸಿಗೂ ಬೇಕು. ಮಳೆಗಾಳಿಗೆ ಕರೆಂಟು ಹೋದರೆ ಗಾಬರಿಗೆ ಎಡೆಯಿಲ್ಲ. ಬಂದ ಮೇಲೆ ಆ ಹೊತ್ತನ್ನು ತುಂಬಿಕೊಟ್ಟರಾಯಿತು. ಎರಡು ಟ್ಯೂಬು ದಿನಕ್ಕೆ 16 ಗಂಟೆಯಂತೆ 30 ದಿನ ಉರಿದರೆ ತಗಲುವುದು ಸುಮಾರು 19 ಯೂನಿಟ್. ನೀರಿನ ಕೈಯಿಂದ ಸ್ವಿಚ್ಚನ್ನು ಮುಟ್ಟದಿರುವಂತೆ ಮಕ್ಕಳಿಗೂ ತಿಳಿಹೇಳಬೇಕು. ಬೆಸುಗೆಯಿಲ್ಲದ ತಂತಿಯ ತುಂಡುಗಳನ್ನು ಹೆಣೆದು ದೀಪ ತೂಗಿಸುವ ಸಾಹಸ ಖಂಡಿತ ಸಲ್ಲದು.

ಬೀಜ ಮೊಳೆಯಲು ಬೇಕಾದುದು ಬೆಳಕಲ್ಲ, 25ರಿಂದ 30 ಡಿಗ್ರಿಯ ಶಾಖ. ಕರಾವಳಿಯಲ್ಲಿ ಅದು ತಾನಾಗಿಯೇ ಇದೆ. ವಯನಾಡು, ನೀಲಗಿರಿಗಳ ಚಳಿಯಲ್ಲಿ ಬಿತ್ತಿದ ತಟ್ಟೆಯನ್ನು ಬಚ್ಚಲ ಒಲೆಯ ಸಮೀಪವಿಡುವುದು ಲೇಸು. ಏಳರಿಂದ ಹತ್ತು ದಿನಗಳಲ್ಲಿ ಮೊಳಕೆ ತಲೆಯೆತ್ತಿದ ದಿನವೇ ದೀಪದಡಿಗೆ ತರಬೇಕು. ಎರಡು ದಿನ ತಡವಾದರೂ ಸಸಿ ನೀಳವಾಗಿಬಿಡುತ್ತದೆ. ಮೇಲ್ಮಣ್ಣು ತುಸು ಆರಿದ ಮೇಲೆಯೇ ನೀರು ಕೊಡಬೇಕು, ಇಲ್ಲವಾದರೆ ಬುಡ ಕೊಳೆಯುತ್ತದೆ. ನಾಲ್ಕಾರು ಎಲೆ ಮೂಡಿದ ಸಸಿಯನ್ನು ನೇರವಾಗಿ ಬಿಸಿಲಿಗೊಡ್ಡದೆ, ಒಂದು ವಾರ ಮೊದಲು ನೆರಳಿನಲ್ಲಿ, ಅನಂತರ ಎಳೆಬಿಸಿಲಿನಲ್ಲಿ ಇಟ್ಟು ಪಳಗಿಸಿ ನೆಡಬೇಕು.

ಕಡೆಯದಾಗಿ ಒಂದು ಮಾತು. ಎಷ್ಟೇ ಒಳ್ಳೆಯ ದೀಪವಿರಲಿ, ಇರುವ ಬೀಜವನ್ನೆಲ್ಲ ಒಮ್ಮೆಗೇ ಬಿತ್ತಬಾರದು. ಅರ್ಧವನ್ನು ಚೆನ್ನಾಗಿ ಒಣಗಿಸಿ, ಬಿಗಿಮುಚ್ಚಳದ ಸೀಸೆಯಲ್ಲಿ ಹಾಕಿ, ತಳಿಯ ಗುರುತನ್ನೂ ವರ್ಷವನ್ನೂ ಬರೆದಿಡಬೇಕು. ಅದರಲ್ಲಿ ಒಂದು ಚಿಟಿಕೆ ನೆರೆಮನೆಗೂ ಹೋಗಲಿ. ನಮ್ಮಲ್ಲಿ ಅಳಿದ ತಳಿ ಅವರಲ್ಲಿ ಉಳಿದಿದ್ದರೆ ಮರುವರ್ಷ ಕೇಳಿ ತರಬಹುದಷ್ಟೆ.